ಮಿಲಿಟರಿ ಲಾರಿಯ ದಮ್ಮು

ಯಂತ್ರಗಳ ಬಗ್ಗೆ ಏನೂ ತಿಳಿಯದವನಿಗೆ ಮನುಷ್ಯರ ಮೇಲೆ ಅನುಮಾನ ಬಲು ಬೇಗ ಬರುತ್ತದೆ. ಇದು ನನ್ನ ಸ್ವಂತ ಅನುಭವ. ಮನೆಯ ಗಡಿಯಾರ ನಿಂತರೆ ನಾನು ಮೊದಲು ದುರುಗುಟ್ಟಿ ನೋಡುವುದು ಗಡಿಯಾರವನ್ನಲ್ಲ, ಹೆಂಡತಿಯನ್ನು. ಹಾಗೆ ನೋಡಿದ್ದಕ್ಕೆ ಅವಳಿಂದ ಕೇಳಿಸಿಕೊಂಡ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಅಷ್ಟಾದರೂ ಬುದ್ಧಿ ಬಾರದೆ, ಅದೇ ಸ್ವಭಾವವನ್ನು ಹೊತ್ತುಕೊಂಡು ಭಂಕೂರಿನ ಒಂದು ಕಲ್ಲಿನ ಖಣಿಯಲ್ಲಿ ದಿವಾನಜಿಯಾಗಿ ಸೇರಿದೆ. ದಿವಾನಜಿ ಎಂದರೆ ದೊಡ್ಡ ಹುದ್ದೆ ಎಂದುಕೊಳ್ಳಬೇಡಿ. ಕಿವಿಯ ಮೇಲೆ ಪೆನ್ಸಿಲ್ ಇಟ್ಟುಕೊಂಡು ಎಲ್ಲರ ಕೆಲಸದಲ್ಲೂ ಮೂಗು ತೂರಿಸುವ ಗುಮಾಸ್ತ, ಅಷ್ಟೆ.

ಆ ಖಣಿಯಲ್ಲಿ ಮಾಲಕರು ಹರಾಜಿನಲ್ಲಿ ಹಿಡಿದ ಹಳೆಯ ಮಿಲಿಟರಿ ಡೀಸೆಲ್ ಲಾರಿಯೊಂದಿತ್ತು. ಎದೆಮಟ್ಟದ ಗಾಲಿಗಳು, ಮಾಸಿದ ಹಸಿರು ಮೈ. ಅದು ಯುದ್ಧ ಕಂಡ ಗಾಡಿ ಎಂದು ಬಂದವರಿಗೆಲ್ಲ ಹೇಳುತ್ತಿದ್ದೆ. ಯಾವ ಯುದ್ಧ ಎಂದು ಯಾರೂ ಕೇಳಲಿಲ್ಲ, ನನ್ನ ಪುಣ್ಯ. ನೆಲಕ್ಕೆ ಹಾಸುವ ಫರಸಿ ಕಲ್ಲು ಹೇರಿಕೊಂಡು ಚಿತ್ತಾಪುರ, ಸೇಡಂ ದಾಟಿ ಚಿಂಚೋಳಿಯವರೆಗೂ ಅದು ಹೋಗಿಬರುತ್ತಿತ್ತು. ಓಡಿಸುವವನು ಸಾಬಣ್ಣ. ಇಪ್ಪತ್ತು ವರ್ಷ ಸ್ಟೇರಿಂಗ್ ಹಿಡಿದವನು, ಮಾತು ಮಾತ್ರ ಬಲು ಕಡಿಮೆ. ಮಾತು ಕಡಿಮೆ ಇದ್ದವರ ಮೇಲೆ ನನಗೆ ಅನುಮಾನ ಇನ್ನೂ ಜಾಸ್ತಿ.

ಒಂದು ವರ್ಷ ಮಹಾನವಮಿ ಮುಗಿದದ್ದೇ ತಡ, ಲಾರಿ ದಮ್ಮು ಕಳೆದುಕೊಳ್ಳತೊಡಗಿತು. ಹೊರಡುವಾಗ ಚೆನ್ನಾಗಿಯೇ ಹೊರಡುತ್ತಿತ್ತು. ಚಿತ್ತಾಪುರ ದಾಟಿ ಹನುಮಪ್ಪನ ಕಟ್ಟೆ ಹತ್ತಿರ ಬರುವ ಹೊತ್ತಿಗೆ ಎಷ್ಟು ತುಳಿದರೂ ತೆವಳುತ್ತಿತ್ತು. ಸಾಬಣ್ಣ ಅಲ್ಲೇ ನಿಲ್ಲಿಸಿ ಒಂದು ತೆಂಗಿನಕಾಯಿ ಒಡೆಯುತ್ತಿದ್ದ. ಆಮೇಲೆ ಡೀಸೆಲ್ ಟಾಕಿಯ ಮುಚ್ಚಳ ತೆಗೆದು, ಕಡ್ಡಿ ಅದ್ದಿ ಎಣ್ಣೆ ಎಷ್ಟಿದೆ ಎಂದು ನೋಡುತ್ತಿದ್ದ. ಮತ್ತೆ ಹೊರಟರೆ ಗಾಡಿ ಹೊಸದರಂತೆ ಓಡುತ್ತಿತ್ತು. ಗ್ಯಾರೇಜಿನವರು ಫಿಲ್ಟರ್ ಬದಲಿಸಿದರು, ಪೈಪುಗಳನ್ನು ಊದಿದರು, ಏನೂ ಆಗಲಿಲ್ಲ. ಇದೆಲ್ಲ ಹನುಮಪ್ಪನ ಮಹಿಮೆ ಎಂದು ಹಮಾಲರು ತೀರ್ಮಾನಿಸಿದರು. ನಾನು ಓದಿದವನು, ಹಾಗೆಲ್ಲ ನಂಬುವವನಲ್ಲ. ದೇವರಿಗೆ ಕಾಯಿ ಸರಿ, ನಿರ್ಜನ ಜಾಗದಲ್ಲಿ ಟಾಕಿಯ ಮುಚ್ಚಳ ಯಾಕೆ ತೆಗೆಯಬೇಕು? ಡೀಸೆಲ್ ಕದಿಯುವ ಹುನ್ನಾರವೇ ಇದು ಎಂದು ಮಾಲಕರ ಕಿವಿ ಊದಿದೆ.

ಮಾಲಕರು ಸಾಬಣ್ಣನನ್ನು ಕರೆಸಿ, "ಸೋಮವಾರತನಕ ನೋಡ್ತೀನಿ. ಗಾಡಿ ದುರಸ್ತ್ ಆಗಲಿಲ್ಲಂದ್ರ ನೀ ಬ್ಯಾರೆ ಕೆಲಸ ನೋಡ್ಕೋ" ಅಂದರು. ಸಾಬಣ್ಣ ಹೊರಗೆ ಬಂದು ನನಗೇ ಕೈ ಮುಗಿದ. "ದಿವಾನಜೀರ, ವಾಡಿ ಊರಿನ ಮೌಲಾಲಿ ಮಿಸ್ತ್ರಿಗೆ ಒಂದು ಸಲ ಕರಸ್ರಿ. ಅವ ನಂದೇ ತಪ್ಪಂದ್ರ ನಾನೇ ಹೋಗ್ತೀನಿ." ಆ ಮುಗಿದ ಕೈ ನೋಡಿ ನನಗೆ ಕಸಿವಿಸಿಯಾಯಿತು. ಆದರೂ ಕಳ್ಳರು ಹೀಗೇ ಕೈ ಮುಗಿಯುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ.

ಮೌಲಾಲಿ ಮಿಸ್ತ್ರಿ ಬಂದರು. ಬಿಳಿ ಗಡ್ಡ, ಕೈಯಲ್ಲಿ ಒಂದೇ ಒಂದು ಸಣ್ಣ ಚೀಲ. ಬಾನೆಟ್ ತೆಗೆಯಲೇ ಇಲ್ಲ. ನಾಡಿ ಹಿಡಿಯುವ ವೈದ್ಯರ ಹಾಗೆ ಪ್ರಶ್ನೆ ಕೇಳುತ್ತ ಕೂತರು. "ದಮ್ ಹೋದಾಗ ಹೊಗಿ ಹ್ಯಾಂಗ ಬರ್ತದ?"

"ಹೊಗೀನೇ ಇಲ್ರಿ ಮಿಸ್ತ್ರಿ," ಅಂದ ಸಾಬಣ್ಣ.

"ಕರಿ ಹೊಗಿ ಇದ್ರ ಇಂಜಿನ್‌ಗೆ ಗಾಳಿ ಸಾಲವಲ್ದು ಅಂತಿದ್ದೆ. ಹೊಗಿ ಇಲ್ಲಂದ್ರ ಎಣ್ಣಿ ಮುಟ್ಟವಲ್ದು. ನಡೀರಿ, ಕಲ್ಲು ಹೇರ್ಕೊಂಡೇ ಹೋಗಮು."

ಮೂವರೂ ಮುಂದೆ ಕೂತೆವು. ಮಿಸ್ತ್ರಿ ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆ ಎಂದುಕೊಂಡೆ ನಾನು. ಲಾರಿ ಏದುಸಿರು ಬಿಡುವುದಕ್ಕೆ ಮೊದಲೇ, "ಈಗ ದಮ್ ಬೀಳ್ತದ ನೋಡ್ರಿ" ಅಂದರು. ಬಿತ್ತು. ಕಟ್ಟೆಯ ಹತ್ತಿರ ಇಳಿದು, ಚಪ್ಪಲಿ ಕಳಚಿಟ್ಟು ಸಾಬಣ್ಣನಿಗೆ ಹೇಳಿದರು: "ಕಾಯಿ ಒಡಿ. ಟಾಕಿ ಮಾತ್ರ ಮುಟ್ಟಬ್ಯಾಡ."

ಕಾಯಿ ಒಡೆದದ್ದಾಯಿತು. ಲಾರಿ ನಾಲ್ಕು ಮಾರು ಹೋಗಿ ಮತ್ತೆ ತೆವಳಿತು. "ದೇವರು ತನ್ನ ಕೆಲಸ ಮಾಡ್ಯಾನ. ಉಳಿದದ್ದು ನಮ್ದು" ಎನ್ನುತ್ತ ಮಿಸ್ತ್ರಿ ಟಾಕಿಗೆ ಕಿವಿ ಹಚ್ಚಿ, ಮುಚ್ಚಳವನ್ನು ನಿಧಾನಕ್ಕೆ ತಿರುಗಿಸಿದರು. ಸುಂಯ್ ಎಂದು ಗಾಳಿ ಒಳಗೆ ನುಗ್ಗಿದ ಸದ್ದು ನನಗೂ ಕೇಳಿಸಿತು. ಮಿಸ್ತ್ರಿ ಮುಚ್ಚಳದ ಮೇಲಿನ ಕುಂಕುಮವನ್ನು ಉಗುರಿನಿಂದ ಕೆರೆದು ನೋಡಿದರು.

"ಎಣ್ಣಿ ಕೆಳಗ ಇಳಿದಂಗ ಮ್ಯಾಲಿಂದ ಗಾಳಿ ಬರಬೇಕ್ರಿ. ಅದಕ್ಕೇ ಮುಚ್ಚಳಕ್ಕ ಸೂಜಿಯಷ್ಟು ತೂತು ಇಟ್ಟಿರ್ತಾರ. ಇಲ್ಲಿ ಯಾರೋ ಬೆಸುಗಿ ಹಾಕ್ಯಾರ. ಸಾಬಣ್ಣ ನಡುನಡುವೆ ಮುಚ್ಚಳ ತೆಗೀತಿದ್ದ ಅಂತ ಈ ಗಾಡಿ ಇಲ್ಲಿತನಕ ಓಡ್ಯದ."

ಓದುಗರೇ, ಆ ಯಾರೋ ನಾನೇ. ಮಹಾನವಮಿ ಪೂಜೆಗೆ ಲಾರಿ ತೊಳೆಸುವಾಗ ಆ ತೂತು ನನ್ನ ಕಣ್ಣಿಗೆ ಬಿದ್ದಿತ್ತು. ಖಣಿಯ ದೂಳು ಎಣ್ಣೆಗೆ ಬೀಳುತ್ತದಲ್ಲ, ಮಿಲಿಟರಿಯವರಿಗೆ ಇಷ್ಟೂ ತಿಳಿಯಲಿಲ್ಲವೇ ಎಂದು ಮರುಗಿದೆ. ಅದೇ ದಿನ ನಮ್ಮ ಓಣಿಗೆ ಕಲಾಯಿಯವನು ಬಂದಿದ್ದ. ಹೆಂಡತಿಯ ಹಿತ್ತಾಳೆ ಪಾತ್ರೆಗಳ ಜೊತೆಗೆ ಈ ಮುಚ್ಚಳವನ್ನೂ ಕೊಟ್ಟು ತೂತು ಮುಚ್ಚಿಸಿದೆ. ಮೇಲೆ ಸಾಬಣ್ಣನ ಎದುರಿಗೇ ಕೈಯಾರೆ ಕುಂಕುಮ ಮೆತ್ತಿದೆ. ದೇವರ ಕುಂಕುಮ ಎಂದು ಗ್ಯಾರೇಜಿನವರೂ ಅದನ್ನು ಕೆರೆಯಲಿಲ್ಲ.

ಸಾಬಣ್ಣ ಆ ಕುಂಕುಮವನ್ನು ನೋಡಿದ, ನನ್ನ ಮುಖವನ್ನೂ ನೋಡಿದ. ಆಮೇಲೆ ಮಿಸ್ತ್ರಿಗೆ, "ಮಿಲಿಟ್ರಿ ಮಂದೀನೇ ಹಾಕಿರಬೇಕು ಬಿಡ್ರಿ" ಅಂದ. ಮಿಸ್ತ್ರಿ ಹೊಳೆಯುವ ಹೊಸ ಬೆಸುಗೆಯನ್ನು ಹೆಬ್ಬೆರಳಿನಿಂದ ಸವರಿ, "ಇರಬಹುದು" ಎಂದು ಚೀಲದಿಂದ ದಬ್ಬಣ ತೆಗೆದು ತೂತು ಬಿಡಿಸಿದರು. ಇಂಥ ಇಬ್ಬರು ದೊಡ್ಡ ಮನುಷ್ಯರನ್ನು ನಾನು ಒಂದೇ ಜಾಗದಲ್ಲಿ ಮತ್ತೆಂದೂ ಕಂಡಿಲ್ಲ. ಲಾರಿ ಎಲ್ಲೂ ನಿಲ್ಲದೆ ಸೇಡಂ ಮುಟ್ಟಿತು.

ಸೋಮವಾರ ಮಾಲಕರ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಅವರು ಹೊಟ್ಟೆ ಹಿಡಿದು ನಕ್ಕು, ಆಮೇಲೆ ಗಂಭೀರವಾಗಿ, "ಸಾಬಣ್ಣ ಇರ್ತಾನ. ಆದ್ರ ಈ ಮಾತು ಅವನ ಮುಂದ ಹೇಳೀರೇನು?" ಎಂದು ಕೇಳಿದರು. ಹೇಳಿರಲಿಲ್ಲ. ಎದ್ದು ಹೋದೆ. ಸಾಬಣ್ಣ ಲಾರಿಯ ಹಿಂದಿನ ಹಲಗೆಗೆ ಹಗ್ಗ ಬಿಗಿಯುತ್ತಿದ್ದ. ನಾನು ಹತ್ತಿರ ಹೋಗಿ, "ಸಾಬಣ್ಣ, ಆ ಬೆಸುಗೆ..." ಎಂದೆ.

"ಗೊತ್ತದ ಬಿಡ್ರಿ. ಆ ಕಡಿ ಹಗ್ಗ ಹಿಡೀರಿ ಒಂದಿಷ್ಟು."

ಕ್ಷಮೆ ಸಿಕ್ಕಿತೆಂದು ನನ್ನ ಎದೆ ತುಂಬಿ ಬಂತು. ಹಗ್ಗವನ್ನು ಜಗ್ಗಿ, ಬಲವೆಲ್ಲ ಹಾಕಿ ಗಂಟು ಬಿಗಿದೆ. ಹತ್ತು ಹೆಜ್ಜೆ ಹೋಗಿ ತಿರುಗಿ ನೋಡಿದರೆ, ಸಾಬಣ್ಣ ಸದ್ದಿಲ್ಲದೆ ಅದನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದ.