ಶಾಮರಾಯನ ಮೋಟಾರು ವಿದ್ಯೆ

ಹೈಸ್ಕೂಲು ಮುಗಿಸಿದ ಶಾಮರಾಯನಿಗೆ ಹೊಗೆ ಕಂಡರಾಗದು. ಸಾಲಿಗ್ರಾಮದ ಸುತ್ತ ಮದುವೆ ಮುಂಜಿಗಳಿಗೆ ಅಡುಗೆ ಮಾಡುವ ಸೋದರಮಾವ ಹಿರಿಯಣ್ಣನ ಜೊತೆ ರಜೆಯಲ್ಲೆಲ್ಲ ಒಲೆ ಉರಿಸಿ ಅವನ ಕಣ್ಣು ಸೋತುಹೋಗಿತ್ತು. ಈಗ ಆ ಕಸುಬನ್ನೇ ಕಾಯಂ ಹಿಡಿಯಲೆಂದು ತಾಯಿ ಗೋಮತಿಯ ಹಟ.

"ನಾ ಮೋಟಾರ್ ಕಲೀತೆ ಅಮ್ಮ. ಒಲೆ ಬುಡಕ್ಕೆ ಮಾತ್ರ ಹೋತಿಲ್ಲೆ," ಎಂದು ಅವನು ಬೆಳಕು ಹರಿಯುವ ಮುಂಚೆಯೇ ಕುಂದಾಪುರಕ್ಕೆ ನಡೆದ.

ವಿದ್ಯೆಗೆ ತೊಡಗುವ ಕ್ರಮ ಬಿಡಬಾರದಲ್ಲ! ಬಸ್ಸಿನ ಯಜಮಾನ ಚಂದಯ್ಯನ ಮುಂದೆ ಎಲೆ ಅಡಿಕೆ, ತೆಂಗಿನಕಾಯಿ ಇಟ್ಟು ಉದ್ದಕ್ಕೆ ಅಡ್ಡಬಿದ್ದ. ಚಂದಯ್ಯ ಹಾವು ತುಳಿದವನಂತೆ ಹಾರಿದ.

"ಅಯ್ಯಯ್ಯೋ, ಬ್ರಾಮ್ರ ಮಾಣಿ ನಂಗ್ ಅಡ್ಡ ಬೀಳುದಾ! ಏಳಿ, ಏಳಿ. ಇವತ್ತೊಂದ್ ದಿನ ಬಸ್ಸಂಗೆ ಬನಿ, ಕಾಂಬ."

ಶಾಮರಾಯನಿಗೆ ಸ್ವರ್ಗ ಮೂರೇ ಗೇಣು. ಯುದ್ಧದ ಕಾಲವಾದ್ದರಿಂದ ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಇದ್ದಿಲು ಸುಟ್ಟ ಗ್ಯಾಸಿನಲ್ಲಿ ಓಡುತ್ತಿದ್ದವು. ಬಸ್ಸಿನ ಬೆನ್ನಿಗೆ ಹಂಡೆಯಂಥ ಒಲೆ. ಅದು ಹಿಂದಿನವರ ಪಾಡು ಎಂದುಕೊಂಡು ಅವನು ಮುಂದೆ, ಡ್ರೈವರ್ ಗುರುವನ ಪಕ್ಕ ಠೀವಿಯಿಂದ ಕುಳಿತ.

ಬೀಜಾಡಿಯ ಹತ್ತಿರ ಬಸ್ಸು ಕೆಮ್ಮಿ ಕೆಮ್ಮಿ ನಿಂತಿತು. ಇದ್ದಿಲು ತೇವವಾಗಿತ್ತು. ಗುರುವ ಒಲೆಗೆ ಗಾಳಿ ಊದುವ ಚಕ್ರ ತಿರುಗಿಸಿ ತಿರುಗಿಸಿ ಬೆವತ. ಇಳಿದ ಪ್ರಯಾಣಿಕರೆಲ್ಲ ತಲೆಗೊಂದು ಉಪದೇಶ ಕೊಟ್ಟರು.

"ದೂಡುವ ಮಾರಾಯ್ರೆ!"

"ಬೇಡ, ಗಣಪತಿಗೊಂದ್ ಕಾಯ್ ಒಡಿರಿ!"

"ನಡ್ಕಂಡ್ ಹೋಗಿದ್ರೆ ಇಷ್ಟೊತ್ತಿಗೆ ಮನೆ ಮುಟ್ತಿದ್ದೆ," ಎಂದು ತರಕಾರಿ ಬುಟ್ಟಿಯ ಗಿರಿಜಾ ಗೊಣಗಿದಳು.

ಶಾಮರಾಯನಿಗೆ ತಡೆಯಲಾಗಲಿಲ್ಲ. ಪಕ್ಕದ ಮನೆಯಿಂದ ಒಣ ತೆಂಗಿನ ಚಿಪ್ಪು ಬೇಡಿ ತಂದ. ಮಾವ ಕೊಪ್ಪರಿಗೆಯ ಕೆಳಗೆ ಹೂಡುವಂತೆಯೇ ಬಸ್ಸಿನ ಒಲೆಯಲ್ಲಿ ಹೂಡಿ ಬೆಂಕಿ ತಾಗಿಸಿದ. ಉರಿ ಭುಗಿಲೆಂದಿತು, ಬಸ್ಸು ಗುಡುಗಿ ಹೊರಟಿತು. ಗಿರಿಜಾ ಕೂಡ ಹೊಗಳಿದಳು. ಅವನ ಎದೆ ಉಬ್ಬಿತು.

ಸಂಜೆ ಗುರುವ ನಡೆದದ್ದನ್ನೆಲ್ಲ ಯಜಮಾನನಿಗೆ ಹೇಳಿದ ಮೇಲೆ ಶಾಮರಾಯನೇ ಚಂದಯ್ಯನನ್ನು ಕೇಳಿದ. "ನಾಳೆಯಿಂದ ಸ್ಟೇರಿಂಗ್ ಕಲ್ಸ್ತ್ರಿಯಾ?"

"ಎಂತ ಮಾತ್ ಆಡ್ತ್ರಿ!" ಎಂದ ಚಂದಯ್ಯ. "ಸ್ಟೇರಿಂಗ್ ತಿರ್ಗ್ಸುಕೆ ಗುರುವ ಇದ್ದ. ನಿಮ್ಮಂಗೆ ಬೆಂಕಿ ಹಾಕೋರ್ ಎಲ್ಲೂ ಸಿಕ್ತಿಲ್ಲೆ. ಬಸ್ ಓಡುವಷ್ಟ್ ದಿನ ನೀವ್ ಹಿಂದೆ ಆ ಒಲೆ ಹತ್ರವೇ ಇರ್ಕ್!"

ಮಸಿ ಮೋರೆ ಹೊತ್ತು ಶಾಮರಾಯ ಮನೆ ಮೆಟ್ಟಿಲು ಹತ್ತಿದ. ಹೊಗೆಯ ವಾಸನೆ ಮೂಗಿಗೆ ಬಡಿದದ್ದೇ ಗೋಮತಿಯ ಮುಖ ಅರಳಿತು.

"ಅಂತೂ ಮಾವನ್ ಒಟ್ಟಿಗೇ ಹೋದ್ಯಲ್ಲ ಮಗಾ! ಎಲ್ಲಿ, ಪಾಯಸ ತರ್ಲಿಲ್ಯಾ?"