ಭಾವನಿಗೆ ಐದನೆಯವರು ಬೇಕಾಗಿದ್ದಾರೆ

ನಿಮ್ಮನ್ನು ಯಾರಾದರೂ ಆಟದಿಂದ ಡಿಸ್ಮಿಸ್ ಮಾಡಿದ್ದಾರಾ? ಅದೂ ಸ್ವಂತ ಅಕ್ಕನ ಗಂಡ? ನನ್ನನ್ನು ಮಾಡಿದ್ದಾರೆ. ಏಳೇ ನಿಮಿಷದಲ್ಲಿ.

ರಾಜೀವನಗರದ ನಮ್ಮ ಭಾವನಿಗೆ ಐವತ್ತೆಂಟು ವರ್ಷ. ಚರ್ಚಿನ ಗಾಯನ ತಂಡ ನಡೆಸುವವರು. ಭಾನುವಾರ ಬೆಳಿಗ್ಗೆ ಪೂಜೆ, ಸಂಜೆ ನಾಲ್ಕಕ್ಕೆ ರಾಕ್ಷಸ ಸಂಹಾರ. ಫೋನಿನಲ್ಲಿ ಆಡುವ ಆ ಆನ್‌ಲೈನ್ ಆಟದಲ್ಲಿ ಒಂದು ಕೋಟೆ, ಅದರೊಳಗೆ ಒಬ್ಬ ರಾಕ್ಷಸ. ಐದು ಜನ ಒಟ್ಟಿಗೆ ಹೋಗಿ ಕೊನೆತನಕ ಒಟ್ಟಿಗೇ ಇದ್ದರೆ ಮಾತ್ರ ಅವನು ಸಾಯುತ್ತಾನೆ. ಭಾವ ಎಂಟು ತಿಂಗಳಿಂದ ಹೋಗುತ್ತಿದ್ದಾರೆ. ಅವನು ಇನ್ನೂ ಗಟ್ಟಿಮುಟ್ಟಾಗಿದ್ದಾನೆ. ಯಾಕೆಂದರೆ ಮಧ್ಯದಲ್ಲಿ ಯಾರಾದರೂ ಒಬ್ಬರು ಎದ್ದು ಹೋಗಿಬಿಡುತ್ತಾರೆ.

ಅದಕ್ಕೇ ಭಾವ ಸಂದರ್ಶನ ಶುರು ಮಾಡಿದರು. ಮುಖ ಕಾಣದವರಿಗೆ ಮೈಕಿನಲ್ಲಿ ಪ್ರಶ್ನೆ: "ಊಟ ಆಗಿದ್ಯಾ? ಬಾತ್‌ರೂಮಿಗೆ ಹೋಗ್ಬಂದ್ರಾ? ಗ್ಯಾಸ್ ಮೇಲೆ ಏನಾದ್ರೂ ಇಟ್ಟಿದೀರಾ?"

"ಸರ್, ಇದು ಆಟಾನಾ, ಆಪರೇಷನ್ನಾ?" ಎಂದವನಿಗೆ ಅವತ್ತೇ ಗೇಟ್‌ಪಾಸ್. ಹಾಲು ಉಕ್ಕಿತೆಂದು ಓಡಿದವನಿಗೂ ಅಷ್ಟೇ.

ಒಂದು ಭಾನುವಾರ ಜನ ಸಾಲದೆ ಅಕ್ಕ ನನ್ನನ್ನು ಮುಂದೆ ತಳ್ಳಿದಳು. ಕೋಟೆಯ ಬಾಗಿಲಲ್ಲಿ ನಿಂತಿದ್ದೆ. ಭಾವ ಪಿಸುಗುಟ್ಟಿದರು: "ಬಂದ್ರು, ಬಂದ್ರು. ನಿನ್ ಕಡೇನೇ ಬರ್ತಿದಾರೆ."

ಬರ್ತಿದಾರೆ ಎಂದರೆ ಎಷ್ಟು ಜನ? ಇಡೀ ಸೈನ್ಯವೇ ಬಂತೆಂದು ಕೋಟೆ ಬಿಟ್ಟು ಓಡಿದೆ. ಬಂದದ್ದು ಆ ಒಬ್ಬನೇ ರಾಕ್ಷಸ.

"ರಾಕ್ಷಸಂಗೆ ಯಾಕೆ ಭಾವ ಬಹುವಚನ?"

"ವಯಸ್ಸಾದೋರು ಕಣಮ್ಮ. ಬಿಳೀ ಗಡ್ಡ ಕಾಣಲ್ವಾ? ಹೊಡೆಯೋದು ಬೇರೆ, ಮರ್ಯಾದೆ ಬೇರೆ."

"ಅದು ನಂಗೆಂಗೆ ಗೊತ್ತಾಗ್ಬೇಕು?"

"ಗೊತ್ತಾಗ್ದಿದ್ರೂ ನಿಂತ್ಕೋಬೇಕಿತ್ತು. ನೀನು ಓಡೋಗ್ಬುಟ್ಟೆ. ನಾಳೆಯಿಂದ ಬರ್ಬೇಡ."

ನನ್ನ ಜಾಗಕ್ಕೆ ವಿದ್ಯಾರಣ್ಯಪುರಂನವರೊಬ್ಬರು ಬಂದರು. ನಲವತ್ತರ ಆಸುಪಾಸು, ಮೆತ್ತನೆ ದನಿ. ಗಾಯವಾದವರಿಗೆ ಮದ್ದು ಹಾಕುವುದು ಆಟದಲ್ಲಿ ಅವರ ಕೆಲಸ. ಬೇರೆ ಯಾರಾದರೂ ಎದ್ದು ಹೋದರೂ ಇವರು ಮಾತ್ರ ಐದು ವಾರ ಕೂತಲ್ಲಿಂದ ಅಲ್ಲಾಡಲಿಲ್ಲ. "ಸಿಕ್ಕಿದ್ರು ಕಣಮ್ಮ," ಎಂದು ಭಾವ ನನಗೆ ಫೋನ್ ಮಾಡಿ ಹೇಳಿದರು. ಚರ್ಚಿಗೆ ಶ್ರುತಿ ತಪ್ಪದ ಗಂಟಲು ಸಿಕ್ಕಿದಾಗಲೂ ಆ ಮನುಷ್ಯ ಅಷ್ಟು ಖುಷಿಪಟ್ಟಿರಲಿಲ್ಲ.

ಆರನೇ ವಾರ ನಾನೂ ಅಕ್ಕನ ಮನೆಯಲ್ಲಿದ್ದೆ. ರಾಕ್ಷಸನಿಗೆ ಚೂರೇ ಚೂರು ಜೀವ ಉಳಿದಿತ್ತು. ಇನ್ನೆರಡು ಏಟು. ಅಷ್ಟರಲ್ಲಿ ಆ ಮೆತ್ತನೆ ದನಿ, "ಸರ್, ಒಂದ್ನಿಮಿಷ, ಬಂದೆ," ಎಂದು ಮಾಯವಾಯಿತು. ಮದ್ದು ಹಾಕುವವರಿಲ್ಲದೆ ಭಾವನೂ ಸೇರಿ ನಾಲ್ವರೂ ಸತ್ತರು.

"ತೆಗ್ದಾಕಿ ಸರ್ ಅವ್ರನ್ನ," ಮಿಕ್ಕ ಮೂವರದು ಒಂದೇ ಕೂಗು. "ಬೇರೆಯವ್ರು ಕಾಯ್ತಿದಾರೆ."

ಭಾವನ ಬೆರಳು ತೆಗೆದುಹಾಕುವ ಗುಂಡಿಯ ಹತ್ತಿರ ಹೋಯಿತು. ಎದ್ದು ಹೋದವರ ಮೈಕು ಮಾತ್ರ ಆನ್ ಆಗಿಯೇ ಇತ್ತು. ಅದರಲ್ಲಿ ಕೇಳಿಸಿತು:

"ಅಮ್ಮ, ಸ್ವಲ್ಪ ಕತ್ತೆತ್ತು. ಹಾಂ, ನುಂಗು. ಇಲ್ಲಮ್ಮ, ನಾನೆಲ್ಲೂ ಹೋಗಿಲ್ಲ. ಇಲ್ಲೇ ಇದೀನಿ."

ಭಾವ ಬೆರಳು ಹಿಂದಕ್ಕೆ ತೆಗೆದರು. ಕೂಗುತ್ತಿದ್ದ ಮೂವರೂ ಸೇರಿ, ಹತ್ತು ನಿಮಿಷ ಯಾರೂ ಎದ್ದು ಹೋಗಲಿಲ್ಲ.

ಆಮೇಲೆ ಆ ಮೆತ್ತನೆ ದನಿ ವಾಪಸ್ ಬಂತು. "ಸಾರಿ ಸರ್, ನೆಟ್ ಹೋಗಿತ್ತು."

ಭಾವ ತಕ್ಷಣ ಹೇಳಿದರು: "ಪರವಾಗಿಲ್ಲ ಬನ್ರೀ, ನಮ್ದೂ ಹೋಗಿತ್ತು. ಮೊದಲಿಂದ ಶುರು ಮಾಡೋಣ."

ನಿಮ್ಮ ತಂಡದಲ್ಲೂ ಹೀಗೆ ನೆಟ್ ಹೋಗುವವರಿದ್ದಾರಾ? ಅವರಿಗಾಗಿ ನೀವು ಎಷ್ಟು ಹೊತ್ತು ಕಾದಿರಿ? ಕೆಳಗೆ ಬರೆಯಿರಿ, ಭಾವನಿಗೂ ಓದಿ ಹೇಳುತ್ತೇನೆ.