ಚಿಕ್ಕಪ್ಪ ಹಾಕಿದ ಕೊಂಡಿ

ನಮ್ಮ ಚಿಕ್ಕಪ್ಪನ ಕಂಪ್ಯೂಟರಿನಲ್ಲಿ ಕುರಿಗಳಿಗೂ ಸೋದರಮಾವಂದಿರಿದ್ದಾರೆ. ಉತ್ಪ್ರೇಕ್ಷೆಯಲ್ಲ, ಪತ್ರಿಕೆಯಲ್ಲಿ ಕೆಲಸ ಮಾಡುವವನು ನಾನು, ಕಣ್ಣಾರೆ ನೋಡಿಯೇ ಬರೆಯುತ್ತಿದ್ದೇನೆ.

ಹೊಸದುರ್ಗದ ಶಾಲೆಯೊಂದರಲ್ಲಿ ಗ್ರಂಥಪಾಲಕರಾಗಿದ್ದ ಅವರು ನಿವೃತ್ತಿಗೆ ಮುಂಚೆ ಲಿಂಕ್ಡ್ ಡೇಟಾ ಎಂಬ ವಿದ್ಯೆಯ ತರಬೇತಿಗೆ ಹೋಗಿಬಂದರು. ಕಳಿಸಿದ್ದು ಪುಸ್ತಕಗಳ ಪಟ್ಟಿ ಮಾಡಲಿ ಎಂದು. ಪುಸ್ತಕಗಳು ಬಚಾವಾದವು, ನೆಂಟರು ಸಿಕ್ಕಿಕೊಂಡರು.

ವಿದ್ಯೆ ಸರಳ. ಪ್ರತಿಯೊಬ್ಬರಿಗೂ ಜಾಲದಲ್ಲಿ ಬೇರೆ ಯಾರಿಗೂ ಇರದ ಒಂದು ವಿಳಾಸ. ಪ್ರತಿ ಸಂಗತಿಗೂ ಮೂರೇ ತುಂಡು: ಯಾರು, ಏನಾಗಬೇಕು, ಯಾರಿಗೆ. ಹೀಗೆ ಕೊಂಡಿ ಹಾಕುತ್ತಾ ಹೋದರೆ, ಯಾರೂ ಹೇಳದ ಸಂಬಂಧವನ್ನೂ ಯಂತ್ರ ತಾನೇ ಹೇಳುತ್ತದಂತೆ. ಈ ಕೆಲಸವನ್ನು ನಮ್ಮ ಅತ್ತೆಯಂದಿರು ಕರೆಂಟಿಲ್ಲದೆ ಮಾಡುತ್ತಿರಲಿಲ್ಲವೇ ಎಂದರೆ ಅವರಿಗೆ ಸಿಟ್ಟು.

ಸಾವಿನ ಮನೆಗೂ ಲ್ಯಾಪ್‌ಟಾಪ್ ಹೊತ್ತು ಹೋದರು. ಅಳುತ್ತಿದ್ದ ಮುದುಕನನ್ನು ಕೇಳಿದರು: "ಸತ್ತೋರಿಗೆ ಏನಾಗ್ಬೇಕ್ರಿ ನೀವು?"

"ಏನೂ ಆಗ್ಬೇಕಿಲ್ಲಪ್ಪ. ಜೊತೇಲಿ ಕುರಿ ಕಾಯ್ತಿದ್ವಿ."

"ಅಂಥ ಕೊಂಡಿ ಇದ್ರಾಗಿಲ್ಲ. ಇರ್ಲಿ, ಅಳ್ರಿ."

ವಿದ್ಯೆ ನನ್ನ ಮಗಳ ತನಕ ಬಂದಾಗ ನನ್ನ ನಗು ನಿಂತಿತು. ಅವಳಿಗೆ ನೋಡಿದ ಹುಡುಗ ಬಿ.ದುರ್ಗದವನು, ಇಬ್ಬರೂ ಒಪ್ಪಿದ್ದರು. ನಮ್ಮಲ್ಲಿ ಒಂದೇ ಬೆಡಗಿನವರು, ಅಂದರೆ ಒಂದೇ ಮೂಲಪುರುಷನ ಕುಲದವರು, ಅಣ್ಣ-ತಂಗಿಯರ ಲೆಕ್ಕ, ಮದುವೆಯಿಲ್ಲ. ತಮ್ಮ ಬೆಡಗು ಬೇರೆ ಎಂದು ಹುಡುಗನ ಕಡೆಯವರು ಹೇಳಿದರು. ಯಂತ್ರ ಒಪ್ಪಲಿಲ್ಲ. ನಮ್ಮ ಮುತ್ತಜ್ಜನ ಅಪ್ಪ ತಾಳ್ಯದ ರಂಗಪ್ಪನೂ ಹುಡುಗನ ಮುತ್ತಜ್ಜನ ಅಪ್ಪ ಬಿ.ದುರ್ಗದ ರಂಗಪ್ಪನೂ ಒಬ್ಬನೇ ಎಂದು ಅದರಲ್ಲಿ ಕೊಂಡಿ ಬಿದ್ದಿತ್ತು. ಮಗಳು ಊಟ ಬಿಟ್ಟಳು.

"ಈ ಕೊಂಡಿಗೆ ಆಧಾರ ಏನು?" ಎಂದು ಚಿಕ್ಕಪ್ಪನನ್ನು ಕೇಳಿದೆ. ಸುದ್ದಿಮನೆಯ ಚಟ.

"ನಿಮ್ಮಜ್ಜ ಹೇಳಿದ್ದು ಕಣ್ಲೇ."

"ಯಾವಾಗ?"

"ನಂಗೆ ಅಲ್ಲೊಂದು ಹೆಣ್ಣು ನೋಡಿದ್ದಾಗ. ಎರಡೂ ಮನೆ ರಂಗಪ್ಪ ಒಬ್ನೇ, ಒಂದೇ ಬೆಡಗು, ಬ್ಯಾಡ ಅಂದ್ರು. ಬಿಟ್ಟೆ."

"ನೀವು ಹೋಗಿ ವಿಚಾರಿಸಿದ್ರಾ?"

ಮದುವೆಯಾಗದೇ ಉಳಿದ ಚಿಕ್ಕಪ್ಪ ಚಪ್ಪಲಿ ಮೆಟ್ಟಿದರು. "ನಡಿ, ಹೋಗಾಣ."

ಬಿ.ದುರ್ಗದಲ್ಲಿ ಬಾಗಿಲು ತೆರೆದದ್ದು ಹುಡುಗನ ಸೋದರತ್ತೆ. ಅಂದು ನೋಡಿದ್ದ ಹೆಣ್ಣು ಇವರೇ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದಿದ್ದರು. ಚಿಕ್ಕಪ್ಪ ನೆಲ ನೋಡುತ್ತಾ ರಂಗಪ್ಪನ ಬಗ್ಗೆ ಕೇಳಿದರು.

"ನಮ್ಮ ಮುತ್ತಜ್ಜ ಹಿರಿಯೂರು ಕಡೆಯಿಂದ ಕುರಿ ಹೊಡ್ಕಂಡು ಬಂದೋನು. ತಾಳ್ಯದ ಮುಖಾನೇ ಕಂಡಿಲ್ಲ," ಎಂದರು ಆಕೆ. "ಆವತ್ತು ಕೇಳಿದ್ರೂ ಇದೇ ಹೇಳ್ತಿದ್ವಿ. ಯಾರೂ ಬರ್ಲಿಲ್ಲ."

ಚಿಕ್ಕಪ್ಪ ಜಗಲಿಯಲ್ಲಿ ಕುಳಿತು ಲ್ಯಾಪ್‌ಟಾಪ್ ತೆರೆದು ಕೊಂಡಿ ಕಿತ್ತರು. ಅದಕ್ಕೆ ಒಂದು ಗಳಿಗೆಯೂ ಹಿಡಿಯಲಿಲ್ಲ.

"ಏನಂತೈತೆ ನಿಮ್ ಮಿಷಿನ್ನು?" ಎಂದರು ಆಕೆ.

"ಆಗ್ಬೌದು ಅಂತೈತೆ."

ಆಕೆ ಒಳಗೆ ಹೋದರು. ಮಜ್ಜಿಗೆ ತಂದು ಚಿಕ್ಕಪ್ಪನ ಮುಂದಿಟ್ಟರು. "ಹುಡುಗ್ರುದು ಬೇಗ ಮಾಡಿಬಿಡ್ರಿ," ಎಂದರು.

ಚಿಕ್ಕಪ್ಪ ಲ್ಯಾಪ್‌ಟಾಪ್ ಮುಚ್ಚಿ, ಎರಡೂ ಕೈಯಲ್ಲಿ ಲೋಟ ಹಿಡಿದುಕೊಂಡರು.